ಪರದೆ ಬರೆದವರ ಬಗ್ಗೆ ಯಾರು ಬರೆದಿದ್ದಾರೆ?

ಲೇಖನ ಹಾಕಿ ಹನ್ನೊಂದು ದಿನಕ್ಕೆ ಅದರ ನೆತ್ತಿಯ ಮೇಲೆ ಕೆಂಪು ಅಂಚಿನ ಪಟ್ಟಿಯೊಂದು ಬಂದು ಕೂತಿತ್ತು. ಇದನ್ನು ಅಳಿಸಬೇಕೋ ಉಳಿಸಬೇಕೋ ಎಂಬ ಚರ್ಚೆ ನಡೆದಿದೆ, ಬಂದು ನಿಮ್ಮ ಮಾತು ಹೇಳಿ ಎನ್ನುವ ಅರ್ಥದ ಎರಡು ಸಾಲು. ಬೆಳಗಿನ ಹೊತ್ತು, ಒಲೆಯ ಮೇಲೆ ಹಾಲಿತ್ತು. ಗ್ಯಾಸ್ ಆರಿಸಿ, ಅಲ್ಲೇ ಕಟ್ಟೆಗೆ ಆತು ನಿಂತು ಚರ್ಚೆಯ ಪುಟ ತೆರೆದೆ. ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರೊಬ್ಬರು ಬರೆದಿದ್ದರು: ಈ ಕಲಾವಿದರ ಬಗ್ಗೆ ಸ್ವತಂತ್ರ ಮೂಲಗಳಲ್ಲಿ ವಿಸ್ತಾರವಾದ ಬರಹ ಕಾಣುತ್ತಿಲ್ಲ, ಪ್ರದರ್ಶನ ನಡೆದದ್ದಕ್ಕಾಗಲಿ, ಸಂಗ್ರಹಾಲಯದಲ್ಲಿ ಕೃತಿ ಇರುವುದಕ್ಕಾಗಲಿ, ವಿಮರ್ಶೆ ಬಂದದ್ದಕ್ಕಾಗಲಿ ಆಧಾರವಿಲ್ಲ. ನಾಲ್ಕೇ ಸಾಲು, ಒರಟು ಮಾತು ಒಂದೂ ಇಲ್ಲ. ಆದರೂ ನನ್ನ ಕೈ ನಡುಗಿತು. ಆ ಕಲಾವಿದರನ್ನು ನಾನು ಮಾತು ಕಲಿತಾಗಿನಿಂದ ಕಾಕಾ ಎಂದು ಕರೆಯುತ್ತ ಬಂದವಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿರುವ ಮನುಷ್ಯ. ಅವರ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ‘ಅಳಿಸಿ’ ಎಂದು ಅಪರಿಚಿತರು ಬರೆದದ್ದನ್ನು ಎರಡು ವಾರ ನೋಡಿದ್ದೇನೆ, ಅದನ್ನು ಇನ್ನೊಂದು ಕಡೆಗೆ ಹೊತ್ತು ತರುವುದು ಬೇಡ. ವಿಕಿಪೀಡಿಯದವರೂ ಇಂಥ ಚರ್ಚೆಯ ಪುಟಗಳು ಗೂಗಲ್ ಹುಡುಕಾಟಕ್ಕೆ ಸಿಗದಂತೆ ಇಟ್ಟಿರುತ್ತಾರೆ.

ಕಾಕಾ ಕಂಪನಿ ನಾಟಕಗಳಿಗೆ ಪರದೆ ಬರೆಯುತ್ತಿದ್ದರು. ಗದುಗಿನಲ್ಲಿ ನಾಟಕದ ಟೆಂಟು ಬೀಳುತ್ತಿದ್ದ ಬಯಲಿನ ಪಕ್ಕದಲ್ಲೇ ನಮ್ಮಪ್ಪನ ಸೈಕಲ್ ಅಂಗಡಿ. ಕೆಲಸದ ನಡುವೆ ಕಾಕಾ ಅಲ್ಲಿಗೆ ಚಹಾಕ್ಕೆ ಬರುತ್ತಿದ್ದರು, ಮೊಣಕೈವರೆಗೆ ಬಣ್ಣ. ಸೂಟಿಯಲ್ಲಿ ನಾನು ಅವರ ಹಿಂದೆಯೇ ಹೋಗಿ, ಮುಚ್ಚಿಹೋಗಿದ್ದ ಅರಳೆ ಮಿಲ್ಲಿನ ಗೋದಾಮಿನಲ್ಲಿ ಗೋಡೆಗೆ ಒರಗಿ ಕೂತು ನೋಡುತ್ತಿದ್ದೆ.

ಕೋರಾ ಬಟ್ಟೆಯ ಪಟ್ಟಿಗಳನ್ನು ಅಡ್ಡಕ್ಕೆ ಹೊಲಿದು 30 ಅಡಿ ಅಗಲದ ಒಂದೇ ಹಾಸು ಮಾಡಿ ನೆಲದ ಮೇಲೆ ಹರವುತ್ತಿದ್ದರು. ಮೂಲೆಯಲ್ಲಿ ಒಲೆಯ ಮೇಲೆ ಸರೇಸು ಕುದಿಯುತ್ತಿರುತ್ತಿತ್ತು, ಅದರ ವಾಸನೆ ಮೂಗಿಗೆ ಅಡರಿದರೆ ರಾತ್ರಿ ಊಟದ ತನಕ ಹೋಗುತ್ತಿರಲಿಲ್ಲ. ಪುಡಿ ಬಣ್ಣವನ್ನು ಆ ಅಂಟಿನ ನೀರಿಗೆ ಕಲಸಿ, ಹಳೆಯ ಡಾಲ್ಡಾ ಡಬ್ಬಿಗಳಲ್ಲಿ ಸಾಲಾಗಿ ಇಡುತ್ತಿದ್ದರು. ಆಮೇಲೆ ನೀಲಿ ಹಚ್ಚಿದ ದಾರವನ್ನು ಈ ತುದಿಯಲ್ಲಿ ತಾವು ಹಿಡಿದು, ಆ ತುದಿಯನ್ನು ನನ್ನ ಕೈಗೆ ಕೊಟ್ಟು, ನಡುವೆ ಎತ್ತಿ ಬಿಡುತ್ತಿದ್ದರು. ಟಪ್ ಎಂದು ಬಟ್ಟೆಯ ಮೇಲೆ ನೇರ ಗೆರೆ. ಅಂಥ ಗೆರೆಗಳೆಲ್ಲ ಹಾಸಿನ ನಡುವಿನ ಒಂದು ಚುಕ್ಕಿಗೆ ಹೋಗಿ ಸೇರುತ್ತಿದ್ದವು. ಅವೇ ಆಮೇಲೆ ದರ್ಬಾರಿನ ಕಂಬಗಳು, ಮೆಟ್ಟಿಲು, ಹಾಸುಗಲ್ಲು. ಬ್ರಶ್ಶಿಗೆ ಉದ್ದನೆಯ ಬಿದಿರ ಕೋಲು ಕಟ್ಟಿಕೊಂಡು, ಬರಿಗಾಲಲ್ಲಿ ಬಟ್ಟೆಯ ಮೇಲೇ ನಿಂತು, ಕಸ ಗುಡಿಸುವವರ ಹಾಗೆ ಬಾಗಿ ಬರೆಯುತ್ತಿದ್ದರು. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ತೇಪೆ. ಬೊಂಬಿಗೆ ಕಟ್ಟಿ ಹಗ್ಗ ಜಗ್ಗಿ ಎತ್ತಿದ ಮೇಲೆ, ಗ್ಯಾಸ್ ದೀಪದ ಬೆಳಕಿನಲ್ಲಿ, ಅದು ಅರಮನೆ.

ಆ ಅರಮನೆಯೂ ಉಳಿಯುತ್ತಿರಲಿಲ್ಲ. ಹೊಸ ನಾಟಕ ಬಂದು ಹೊಸ ಬಟ್ಟೆಗೆ ಮಾಲಕರ ಕೈಯಲ್ಲಿ ರೊಕ್ಕ ಇಲ್ಲದಾಗ ಹಳೆಯ ಪರದೆಯನ್ನು ಹಳ್ಳಕ್ಕೆ ಒಯ್ದು ತೊಳೆಯುತ್ತಿದ್ದರು. ಸರೇಸಿನ ಬಣ್ಣ ನೀರಿಗೆ ಬಿಡುತ್ತದೆ. ಕೆಂಪು, ಹಳದಿ, ಹಸಿರು ಹಳ್ಳದಲ್ಲಿ ಹರಿದುಹೋದ ಮೇಲೆ ಅದೇ ಬಟ್ಟೆಯ ಮೇಲೆ ಕಾಡು, ಇಲ್ಲವೇ ಪೇಟೆಯ ಬೀದಿ, ಇಲ್ಲವೇ ಜೈಲು. ಕಾಕಾ ನಲವತ್ತು ವರ್ಷ ಬರೆದರು. ಇವತ್ತು ಇಂತಿಂಥಲ್ಲಿ ಅವರ ಕೈಯ ಪರದೆ ಇದೆ ಎಂದು ಬೊಟ್ಟು ಮಾಡಿ ತೋರಿಸಲು ಒಂದೇ ಒಂದು ಉಳಿದಿದೆ.

ನಾನು ಕನ್ನಡ ವಿಕಿಪೀಡಿಯದಲ್ಲಿ ಆಗಾಗ ಬರೆಯುವವಳು. ಅದು 2003ರಲ್ಲಿ ಶುರುವಾದದ್ದು, ನಾನು ಸೇರಿದ್ದು ಬಹಳ ತಡವಾಗಿ. ನಮ್ಮ ವೃತ್ತಿ ರಂಗಭೂಮಿಯ ಬಗ್ಗೆ ಓದುತ್ತ ಹೋದರೆ ನಾಟಕಕಾರರು ಸಿಗುತ್ತಾರೆ, ನಟನಟಿಯರು ಸಿಗುತ್ತಾರೆ, ಕಂಪನಿ ಕಟ್ಟಿದವರು ಸಿಗುತ್ತಾರೆ. ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದ ಶಾಂತಕವಿಗಳು ಸಿಗುತ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಸಿಗುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಸಾಲಾಗಿ ನಿಲ್ಲುವ ನಾಟಕದ ಟೆಂಟುಗಳ ಬಗ್ಗೆ ಬೇಕಾದಷ್ಟು ಸಿಗುತ್ತದೆ. ಆ ಟೆಂಟಿನೊಳಗೆ ಪರದೆ ಏಳುತ್ತಿದ್ದಂತೆ ಜನ ಸಿಳ್ಳೆ ಹೊಡೆಯುತ್ತಿದ್ದರಲ್ಲ, ನಟ ಇನ್ನೂ ಬಂದಿರುತ್ತಿರಲಿಲ್ಲ, ಆ ಮೊದಲ ಸಿಳ್ಳೆ ಯಾರಿಗೆ ಸಂದದ್ದು? ಅವರ ಹೆಸರು ನಾನು ಹುಡುಕಿದ ಕಡೆಯೆಲ್ಲೂ ಇರಲಿಲ್ಲ. ಆ ಕೊರಗಿನಿಂದಲೇ ಲೇಖನ ಬರೆದದ್ದು. ಹೊರನಾಡಿನ ರಂಗಭೂಮಿ ಅಭ್ಯಾಸಿಗಳಿಗೂ ಸಿಗಲಿ ಎಂದು ಇಂಗ್ಲಿಷಿನಲ್ಲಿ ಬರೆದೆ. ಇವರು ನನಗೆ ಪರಿಚಿತರು ಎಂಬುದನ್ನು ನನ್ನ ಸದಸ್ಯ ಪುಟದಲ್ಲಿ ಮೊದಲೇ ಹೇಳಿಕೊಂಡಿದ್ದೆ.

ಇಂಥ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಯಾರು ಬೇಕಾದರೂ ಬಂದು ‘ಉಳಿಸಿ’, ‘ಅಳಿಸಿ’, ‘ವಿಲೀನ ಮಾಡಿ’ ಎಂದು ಹೇಳಿ ಕಾರಣ ಕೊಡಬಹುದು. ಕೊನೆಗೆ ಚರ್ಚೆಯಲ್ಲಿ ಪಾಲುಗೊಳ್ಳದ ಒಬ್ಬರು ಬಂದು ಎಲ್ಲವನ್ನೂ ಓದಿ ತೀರ್ಮಾನ ಬರೆಯುತ್ತಾರೆ. ತಲೆ ಎಣಿಸುವುದಿಲ್ಲ, ಕಾರಣ ತೂಗುತ್ತಾರೆ. ಕಲಾವಿದರಿಗೆಂದೇ ಬೇರೆ ಅಳತೆಗೋಲಿದೆ: ಸಹ ಕಲಾವಿದರು ಮತ್ತೆ ಮತ್ತೆ ಉಲ್ಲೇಖಿಸಿರಬೇಕು, ಇಲ್ಲವೇ ಹೊಸದೊಂದು ಶೈಲಿ ಹುಟ್ಟುಹಾಕಿರಬೇಕು, ಇಲ್ಲವೇ ಕೃತಿಗಳ ಬಗ್ಗೆ ಹಲವು ವಿಮರ್ಶೆಗಳು ಬಂದಿರಬೇಕು, ಇಲ್ಲವೇ ಹೆಸರಾಂತ ಗ್ಯಾಲರಿ, ಸಂಗ್ರಹಾಲಯಗಳ ಶಾಶ್ವತ ಸಂಗ್ರಹದಲ್ಲಿ ಕೃತಿಗಳಿರಬೇಕು. ಕೆ. ವೆಂಕಟಪ್ಪನವರ ಚಿತ್ರ ನೋಡಬೇಕೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಕಲಾ ಗ್ಯಾಲರಿ ಇದೆ. ಹಳ್ಳದಲ್ಲಿ ತೊಳೆದುಹೋದ ಅರಮನೆಯನ್ನು ಯಾವ ಶಾಶ್ವತ ಸಂಗ್ರಹದಲ್ಲಿ ತೋರಿಸಲಿ?

ಮೊದಲ ದಿನ ನಾನು ಬರೆದ ಉತ್ತರವನ್ನು ಈಗ ಓದಿದರೆ ಅದರಲ್ಲಿ ಸಿಟ್ಟೇ ಇದೆ. ನಲವತ್ತು ವರ್ಷದ ದುಡಿಮೆ, ನೂರಾರು ಪರದೆ, ಎಂಥೆಂಥ ಕಂಪನಿಗಳು, ಇವರಿಗಿಂತ ದೊಡ್ಡ ಕಲಾವಿದರು ಬೇಕೇ ಎಂದೆಲ್ಲ ಬರೆದಿದ್ದೆ. ಸಂಜೆ ಉತ್ತರ ಬಂತು: ಅವರು ದೊಡ್ಡ ಕಲಾವಿದರಲ್ಲ ಎಂದು ನಾನು ಹೇಳುತ್ತಿಲ್ಲ, ಅದನ್ನು ಹೇಳಲು ನಾನು ಯಾರೂ ಅಲ್ಲ, ನೀವೂ ಅಲ್ಲ, ಅವರ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ, ಎಲ್ಲಿ ಬರೆದಿದ್ದಾರೆ, ಅದನ್ನು ತೋರಿಸಿ.

ಕನ್ನಡದಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಕತೆಯನ್ನೂ ಬರೆಯುತ್ತೇವೆ. ಕಾಕಾ ಬರೆದರು. ಅವರ ಬಗ್ಗೆ ಯಾರು ಬರೆದರು? ಆ ರಾತ್ರಿ ಈ ಪ್ರಶ್ನೆ ಹಾಸಿಗೆಯಲ್ಲೂ ನನ್ನನ್ನು ಬಿಡಲಿಲ್ಲ.

ಎರಡನೆಯ ದಿನ ಮನೆಯಲ್ಲೇ ಒಂದು ಅನಾಹುತವಾಯಿತು. ಊಟಕ್ಕೆ ಕೂತಾಗ ನಾನು ಈ ಸಂಗತಿ ಹೇಳಿಕೊಂಡಿದ್ದೆ. ನನ್ನ ಮೈದುನ ಅದನ್ನು ತನ್ನ ವಾಟ್ಸಾಪ್ ಗುಂಪಿಗೆ ಹಾಕಿ, ‘ನಮ್ಮ ಕಲಾವಿದರಿಗೆ ಅವಮಾನ, ಎಲ್ಲರೂ ಹೋಗಿ ಉಳಿಸಿ ಅಂತ ಬರೀರಿ’ ಎಂದುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಆರು ಹೊಸ ಖಾತೆಗಳಿಂದ ಆರು ‘ಉಳಿಸಿ’. ಎಲ್ಲವೂ ಒಂದೇ ಧಾಟಿ. ಹೀಗೆ ಜನ ಕೂಡಿಸಿ ತರುವುದಕ್ಕೆ ಅಲ್ಲಿ ಅವಕಾಶವಿಲ್ಲ. ಆ ಆರರ ಕೆಳಗೂ ‘ಈ ಸದಸ್ಯರು ಈ ಚರ್ಚೆಯ ಹೊರಗೆ ಬೇರೇನೂ ಬರೆದಿಲ್ಲ’ ಎಂಬ ಟಿಪ್ಪಣಿ ಬಿತ್ತು. ನನ್ನ ಮಾತಿನ ಮೇಲೂ ಅನುಮಾನ ಬಂತು. ಮೈದುನನಿಗೆ ಫೋನ್ ಮಾಡಿದೆ.

‘ಅತ್ತಿಗೆ, ಹತ್ತ ಮಂದಿ ಬಂದು ಉಳಸ್ರಿ ಅಂದ್ರ ಮುಗೀತಲ್ರಿ?’ ಅಂದ. ಅವನ ಮನಸ್ಸು ಒಳ್ಳೆಯದೇ. ಇದು ಚುನಾವಣೆಯಲ್ಲ, ಇಲ್ಲಿ ನಮ್ಮ ಪರ ಸಾಕ್ಷಿ ಹೇಳಬೇಕಾದವರು ನಮ್ಮವರಲ್ಲದವರು ಎಂದು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೂ ಅದು ಸರಿಯಾಗಿ ಅರ್ಥವಾಯಿತು. ಚರ್ಚೆಯಲ್ಲಿ ನಡೆದದ್ದನ್ನು ಇದ್ದ ಹಾಗೆ ಬರೆದು ಕ್ಷಮೆ ಕೇಳಿದೆ.

ಶನಿವಾರ ಗದುಗಿಗೆ ಹೋದೆ. ಕಾಕಾ ಒಂದು ತಗಡಿನ ಟ್ರಂಕು ತೆಗೆಸಿ ಮುಂದಿಟ್ಟರು. ಗುಲಾಬಿ, ಹಳದಿ ಕಾಗದದ ಹ್ಯಾಂಡ್‌ಬಿಲ್ಲುಗಳು, ಮಡಿಕೆಯಲ್ಲಿ ಹರಿದಂಥವು. ನಾಟಕದ ಹೆಸರು ದಪ್ಪಕ್ಷರದಲ್ಲಿ, ನಟಿಯ ಹೆಸರು ಅದಕ್ಕಿಂತ ದಪ್ಪಕ್ಷರದಲ್ಲಿ, ಎಲ್ಲಕ್ಕೂ ಕೆಳಗೆ ‘ನೂತನ ಸೀನರಿಗಳು’ ಎಂದು ಸಣ್ಣಕ್ಷರದಲ್ಲಿ ಕಾಕಾ ಹೆಸರು. ಹತ್ತರಲ್ಲಿ ಮೂರರಲ್ಲಿ ಮಾತ್ರ ಹೆಸರಿತ್ತು, ಉಳಿದವುಗಳಲ್ಲಿ ‘ಪ್ರಸಿದ್ಧ ಪೇಂಟರರಿಂದ’ ಅಷ್ಟೇ. ಅವುಗಳ ಕೆಳಗೆ ಒಂದು ಸ್ಮರಣ ಸಂಚಿಕೆ, ಊರಿನ ಸಂಘವೊಂದು ಅವರಿಗೆ 60 ತುಂಬಿದಾಗ ತಂದದ್ದು. ಅದರೊಳಗೆ ದಿನಾಂಕವೂ ಇಲ್ಲದ, ಪುಟವೂ ಇಲ್ಲದ ಒಂದು ಪತ್ರಿಕಾ ತುಣುಕು.

ಹ್ಯಾಂಡ್‌ಬಿಲ್ ಕಂಪನಿಯೇ ಅಚ್ಚು ಹಾಕಿಸಿದ್ದು, ಸ್ವತಂತ್ರ ಮೂಲವಲ್ಲ. ಅದು ನನಗೂ ಗೊತ್ತಿತ್ತು. ಪತ್ರಿಕೆಯ ತುಣುಕಿನ ಹಿಂದೆ ಹೋದೆ. ಒಂದು ದಿನಪತ್ರಿಕೆಯ ಜಿಲ್ಲಾ ಪುರವಣಿಯಲ್ಲಿ ಬಂದ ಬರಹ ಅದು. ಗ್ರಂಥಾಲಯವೊಂದರಲ್ಲಿ ಆ ಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟು ಇತ್ತು, ಆದರೆ ಬೈಂಡು ಹಾಕಿಸುವಾಗ ಪುರವಣಿಗಳನ್ನು ತೆಗೆದು ಬರೀ ಮುಖ್ಯ ಪತ್ರಿಕೆಯನ್ನು ಉಳಿಸಿದ್ದರು. ನಮ್ಮ ಊರುಗಳ ಕಲಾವಿದರ ಬಗ್ಗೆ ಏನಾದರೂ ಬರುವುದು ಆ ಪುರವಣಿಯ ನಾಲ್ಕು ಪುಟಗಳಲ್ಲೇ, ಅವೇ ಕಟ್ಟಿನಿಂದ ಹೊರಗೆ. ಎರಡು ದಿನ ಧೂಳು ಕುಡಿದ ಮೇಲೆ ತಪ್ಪಿ ಉಳಿದ ಒಂದು ಪುರವಣಿಯಲ್ಲಿ ಆ ಬರಹ ಸಿಕ್ಕಿತು. ತಾರೀಕು ಸಿಕ್ಕಿತು, ಪುಟ ಸಿಕ್ಕಿತು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಮೂಲ ಕನ್ನಡದ್ದಾದರೂ, ಇಂಟರ್ನೆಟ್ಟಿನಲ್ಲಿ ಇಲ್ಲದಿದ್ದರೂ ಅಲ್ಲಿ ನಡೆಯುತ್ತದೆ. ಇದನ್ನು ನಮ್ಮ ಕಡೆಯ ಬಹಳ ಮಂದಿ ತಿಳಿದಿರುವುದಿಲ್ಲ. ಪತ್ರಿಕೆ, ತಾರೀಕು, ಪುಟ ಕೊಟ್ಟರೆ ಸಾಕು. ಕೊಟ್ಟೆ. ಸಾಲುಗಳ ಇಂಗ್ಲಿಷ್ ಅನುವಾದವನ್ನೂ ಹಾಕಿದೆ. ಒಬ್ಬರು ಓದಿ ಹೇಳಿದರು: ಇದರಲ್ಲಿ ಮುಕ್ಕಾಲು ಪಾಲು ಸಂದರ್ಶನ, ಕಲಾವಿದರೇ ತಮ್ಮ ಬಗ್ಗೆ ಹೇಳಿಕೊಂಡ ಮಾತು, ಬರೆದವರ ಸ್ವಂತ ವಿವೇಚನೆ ಒಂದು ಪ್ಯಾರಾ ಮಾತ್ರ. ಅರ್ಧ ಆಧಾರ ಎಂದು ಇಟ್ಟುಕೊಳ್ಳೋಣ.

ಸ್ಮರಣ ಸಂಚಿಕೆಯ ಮೇಲೆ ನಡೆದ ವಾದವೇ ಎಲ್ಲಕ್ಕಿಂತ ದೊಡ್ಡದು, ನನಗೆ ಮುಖ್ಯವೆನಿಸಿದ್ದೂ ಅದೇ. ಹನ್ನೆರಡು ಲೇಖನ, ಫೋಟೊ, ಪರದೆಗಳ ಪಟ್ಟಿ ಎಲ್ಲ ಅದರಲ್ಲಿದೆ. ಆದರೆ ಸನ್ಮಾನಕ್ಕೆಂದೇ ತಂದ ಪುಸ್ತಕದಲ್ಲಿ ಮೆಚ್ಚಿಕೆ ಬಿಟ್ಟು ಬೇರೇನಿರಲು ಸಾಧ್ಯ ಎಂಬುದು ಚರ್ಚೆಯಲ್ಲಿ ಎದುರಿದ್ದವರ ಪ್ರಶ್ನೆ. ನಾನು ಬರೆದೆ: ಕರ್ನಾಟಕದಲ್ಲಿ, ಅದರಲ್ಲೂ ಬೆಂಗಳೂರಿನಿಂದ ದೂರದ ಊರುಗಳಲ್ಲಿ, ಒಬ್ಬ ಮೇಳದ ಭಾಗವತರ, ಒಬ್ಬ ಪುರವಂತರ, ಒಬ್ಬ ಗೊಂಬೆಯಾಟದವರ ಬದುಕು ಅಚ್ಚಾಗುವುದು ಬಹುತೇಕ ಅಭಿನಂದನ ಗ್ರಂಥಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ. ಅವುಗಳಲ್ಲಿ ಹೊಗಳಿಕೆಯೂ ಇರುತ್ತದೆ, ಬೇರೆಲ್ಲೂ ಸಿಗದ ಕೆಲಸದ ವಿವರವೂ ಇರುತ್ತದೆ. ಇಡೀ ಪುಸ್ತಕ ತಳ್ಳಬೇಡಿ, ಒಂದೊಂದು ಲೇಖನವನ್ನೂ ಬೇರೆಯಾಗಿ ನೋಡಿ. ನಿವೃತ್ತ ಪ್ರಾಧ್ಯಾಪಕರೊಬ್ಬರ ಲೇಖನದಲ್ಲಿ, ರವಿವರ್ಮನ ಅಚ್ಚಿನ ಚಿತ್ರಗಳು ಮನೆ ಮನೆಗೆ ಬಂದ ಮೇಲೆ ಪರದೆಯ ತೋಟ, ಕೊಳ, ಕಂಬಗಳು ಹೇಗೆ ಬದಲಾದವು, ಆ ರೂಢಿಯನ್ನು ಕಾಕಾ ಎಲ್ಲಿ ಮುರಿದರು ಎಂಬ ಚರ್ಚೆಯಿತ್ತು. ಅವರು ಕಾಕಾನ ಸಂಬಂಧಿಯೂ ಅಲ್ಲ, ಸಂಘದವರೂ ಅಲ್ಲ. ಈ ವಾದವನ್ನು ಇಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ನಾನು ಈಗಲೂ ಒಪ್ಪುತ್ತೇನೆ.

ಬಾಯಿಮಾತನ್ನೇ ಆಧಾರವಾಗಿ ತೆಗೆದುಕೊಳ್ಳಬಹುದೇ ಎಂದು 2011ರಲ್ಲಿ ಒಂದು ಪ್ರಯೋಗ ನಡೆದಿತ್ತು. ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳ ವಿಕಿಪೀಡಿಯಗಳಿಗಾಗಿ ಜನರನ್ನು ಮಾತಾಡಿಸಿ, ದನಿ ಮುದ್ರಿಸಿ, ಅದನ್ನು ಉಲ್ಲೇಖವಾಗಿ ಕೊಟ್ಟು ನೋಡಿದರು. ಅದು ನಿಯಮವಾಗಿ ನಿಲ್ಲಲಿಲ್ಲ. ಅದನ್ನೂ ಚರ್ಚೆಯಲ್ಲಿ ನೆನಪಿಸಿದೆ. ಯಾರೋ 2018ರ ಡೊನ್ನಾ ಸ್ಟ್ರಿಕ್ಲೆಂಡ್ ಸಂಗತಿ ಎತ್ತಿದರು: ಆ ಭೌತವಿಜ್ಞಾನಿಯ ಬಗ್ಗೆ ಬರೆದ ಕರಡನ್ನು ಮೇ ತಿಂಗಳಲ್ಲಿ ಆಧಾರ ಸಾಲದೆಂದು ತಿರುಗಿಸಿದ್ದರು, ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಂತು, ಅದೇ ದಿನ ಲೇಖನವೂ ಬಂತು. ನನಗೆ ನೆನಪಾದದ್ದು ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ. ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ವಯಸ್ಸು 96. ಈಗ ಅವರ ಬಗ್ಗೆ ಆಧಾರಗಳಿಗೆ ಕೊರತೆಯಿಲ್ಲ. ಪ್ರಶಸ್ತಿಯ ಹಿಂದಿನ ದಿನವೂ ಅವರ ಕೈ ಅದೇ ಕೈ, ಗೊಂಬೆ ಅದೇ ಗೊಂಬೆ.

ಇದನ್ನು ನಾನು ಚರ್ಚೆಯಲ್ಲಿ ಬರೆಯಲಿಲ್ಲ. ಬೆರಳು ಕೀಲಿಮಣೆಯ ತನಕ ಹೋಗಿ ನಿಂತಿತು. ನಿಯಮ ನಮ್ಮಿಂದ ಕೇಳುತ್ತಿರುವುದು ಪ್ರಶಸ್ತಿಯನ್ನಲ್ಲ, ಬರಹವನ್ನು. ಭೀಮವ್ವನ ಬಗ್ಗೆ ಪ್ರಶಸ್ತಿಗೆ ಮುಂಚೆ ನಾನು ಎಷ್ಟು ಓದಿದ್ದೆ, ಎಷ್ಟು ಬರೆದಿದ್ದೆ? ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಹದಿನಾಲ್ಕು ಸಂಪುಟಗಳಿಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದು ಸಂಪಾದಕರ ಮೇಜಿನ ಮೇಲೆ ತೀರ್ಮಾನವಾಯಿತು, ಓದುಗರಿಗೆ ಕಂಡದ್ದು ಅಚ್ಚಾದ ಪುಟ ಮಾತ್ರ. ಇಲ್ಲಿ ಒಂದೊಂದು ಮಾತೂ ಬಯಲಲ್ಲಿದೆ, ಯಾರು ಏನು ಹೇಳಿ ತಡೆದರು ಎಂಬುದನ್ನು ಓದಬಹುದು, ಎದುರು ಮಾತಾಡಬಹುದು. ಮನಸ್ಸು ನೊಂದರೂ ಈ ಬಗೆ ನನಗೆ ಒಪ್ಪಿಗೆ.

ಮೊದಲ ವಾರ ಮಾತು ಸಾಲದೆಂದು ಚರ್ಚೆಯನ್ನು ಇನ್ನೊಂದು ವಾರ ಮುಂದುವರಿಸಿದರು. ಆ ವಾರದಲ್ಲೇ ಎರಡು ಸಿಕ್ಕವು. ಒಂದು, ವೃತ್ತಿ ರಂಗಭೂಮಿಯ ಬಗೆಗಿನ ಒಂದು ಪುಸ್ತಕದಲ್ಲಿ ರಂಗಸಜ್ಜಿಕೆಯ ಅಧ್ಯಾಯ. ಅದರಲ್ಲಿ ಕಾಕಾ ಬಗ್ಗೆ ಎರಡೂವರೆ ಪುಟ. ಇದನ್ನು ಎಲ್ಲರೂ ಪೂರ್ಣ ಆಧಾರವೆಂದು ಒಪ್ಪಿದರು. ಇನ್ನೊಂದು, ಸಂಶೋಧನ ಪ್ರಬಂಧಗಳನ್ನು ಇಂಟರ್ನೆಟ್ಟಿನಲ್ಲಿ ಕೂಡಿಡುವ ಶೋಧಗಂಗಾ ತಾಣದಲ್ಲಿ ಸಿಕ್ಕ ಒಂದು ಪಿಎಚ್‌ಡಿ ಪ್ರಬಂಧ. ಪುಟಗಳನ್ನು ಫೋಟೊದಂತೆ ಸ್ಕ್ಯಾನ್ ಮಾಡಿ ಏರಿಸಿದ್ದರಿಂದ ಕನ್ನಡದಲ್ಲಿ ಹೆಸರು ಹೊಡೆದು ಹುಡುಕಿದರೆ ಸಿಗುವುದಿಲ್ಲ. ಪುಟ ಪುಟವಾಗಿ ತಿರುವುತ್ತ ಹೋಗಿ, ರಾತ್ರಿ ಒಂದೂವರೆಗೆ ಕಾಕಾ ಹೆಸರು ಕಂಡೆ. ಆದರೆ ಅಲ್ಲಿ ಅವರು ಆರು ಹೆಸರುಗಳ ಸಾಲಿನಲ್ಲಿ ನಾಲ್ಕನೆಯವರು, ಅಷ್ಟೇ. ಹೆಸರು ಬಂದರೆ ಸಾಲದು, ಅವರ ಬಗ್ಗೆ ಮಾತು ಬೇಕು.

ಕೊನೆಯಲ್ಲಿ ಲೆಕ್ಕ ಹೀಗೆ ನಿಂತಿತು: ಒಂದು ಗಟ್ಟಿ ಆಧಾರ, ಒಂದು ಅರ್ಧ ಆಧಾರ, ಒಂದು ವಾದದಲ್ಲಿರುವ ಆಧಾರ. ತೀರ್ಮಾನ ಬರೆದವರು ಅಳಿಸಲಿಲ್ಲ, ಉಳಿಸಲೂ ಇಲ್ಲ. ಲೇಖನವನ್ನು ಕರಡಿನ ಜಾಗಕ್ಕೆ ಸರಿಸಿದರು. ಅಲ್ಲಿ ಆರು ತಿಂಗಳು ಯಾರೂ ಮುಟ್ಟದಿದ್ದರೆ ಕರಡು ಅಳಿಸಿಹೋಗುತ್ತದೆ. ಮೊದಲ ದಿನ ನಾಲ್ಕು ಸಾಲು ಬರೆದಿದ್ದರಲ್ಲ, ಅವರೇ ನನ್ನ ಚರ್ಚಾಪುಟಕ್ಕೆ ಬಂದು ಒಂದು ಮಾತು ಬರೆದರು: ಪರದೆ ಕಲೆಯ ಬಗ್ಗೆಯೇ ಮೊದಲು ಬರೆಯಿರಿ, ಅದಕ್ಕೆ ನೀವು ತಂದ ಆಧಾರಗಳು ಬೇಕಾದಷ್ಟಿವೆ. ಅದು ನನಗೆ ಹೊಳೆದೇ ಇರಲಿಲ್ಲ.

ಕಾಕಾಗೆ ಹೇಳಲು ನಾನೇ ಹೋದೆ. ಫೋನಿನಲ್ಲಿ ಹೇಳುವ ಮನಸ್ಸಾಗಲಿಲ್ಲ.

‘ಕಾಕಾ, ಈಗ ಆಗಲಿಲ್ರಿ. ಆದ್ರ ಪೂರಾ ತಗದಿಲ್ರಿ, ಕರಡ ಇಟ್ಟಾರ.’

ಅವರು ಚಹಾದ ಬಟ್ಟಲು ಕೆಳಗಿಟ್ಟರು. ‘ಅಲ್ಲವಾ ತಂಗಿ, ನಾ ಬರದದ್ದು ನಾನಽ ತೊಳದೀನಿ. ಅವರಿಗೆ ಹೆಂಗ ತಿಳೀಬೇಕು?’ ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಎರಡೂವರಿ ಪುಟಾ ಬರದಾರ ಅಂದ್ಯಲ್ಲಾ, ಅದನ್ನ ಓದು’ ಅಂದರು.

ಓದಿದೆ. ಅವರು ಆ ಪುಸ್ತಕದ ಸಂಗತಿ ಕೇಳಿಯೇ ಇರಲಿಲ್ಲ. ಕಣ್ಣು ಮುಚ್ಚಿ ಕೇಳಿದರು. ದರ್ಬಾರಿನ ಪರದೆಯಲ್ಲಿ ಕಂಬಗಳ ನೆರಳನ್ನು ರಂಗದ ದೀಪ ಇರುವ ದಿಕ್ಕಿಗೆ ತಕ್ಕಂತೆ ಹಾಕುತ್ತಿದ್ದರು ಎಂಬ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದರು. ‘ಇದನ್ನ ನೋಡ್ಯಾನ ಅವ. ಖರೇನಽ ನೋಡ್ಯಾನ. ಇನ್ನೊಮ್ಮಿ ಓದು.’

ಈ ನಡುವೆ ಕೆಲವರು ನನಗೆ ಸುಲಭದ ದಾರಿ ಹೇಳಿಕೊಟ್ಟರು: ನೀವೇ ಯಾವುದಾದರೂ ಪತ್ರಿಕೆಗೆ ಕಾಕಾ ಬಗ್ಗೆ ಬರೆಯಿರಿ, ಅದನ್ನೇ ಆಧಾರವಾಗಿ ಕೊಡಿ. ನಾನು ಮಾಡುವುದಿಲ್ಲ. ನಾನು ಅವರ ಮನೆಯ ಹುಡುಗಿ, ನನ್ನ ಬರಹ ನನ್ನ ಲೇಖನಕ್ಕೆ ಸಾಕ್ಷಿಯಾಗಬಾರದು. ಅದರ ಬದಲು ಟ್ರಂಕಿನ ಹ್ಯಾಂಡ್‌ಬಿಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಸ್ಕ್ಯಾನ್ ಮಾಡುತ್ತಿದ್ದೇನೆ. ರಂಗಭೂಮಿಯ ಮೇಲೆ ಸಂಶೋಧನೆ ಮಾಡುವ ಇಬ್ಬರಿಗೆ ಟ್ರಂಕು ಇಲ್ಲಿದೆ ಎಂದು ಹೇಳಿದ್ದೇನೆ. ಅವರು ಏನು ಬರೆಯುತ್ತಾರೆ, ಬರೆಯುತ್ತಾರೋ ಇಲ್ಲವೋ, ಅದರಲ್ಲಿ ನಾನು ಕೈ ಹಾಕುವುದಿಲ್ಲ.

ಪರದೆ ಕಲೆಯ ಲೇಖನ ಕನ್ನಡದಲ್ಲಿ ಶುರು ಮಾಡಿದ್ದೇನೆ. ಅದಕ್ಕೆ ಚಿತ್ರ ಬೇಕಿತ್ತು. ಉಳಿದಿರುವ ಒಂದೇ ಪರದೆ ಒಂದು ಕಂಪನಿಯ ಹಳೆಯ ಸಾಮಾನಿನ ಕೋಣೆಯಲ್ಲಿದೆ. ಚಿತ್ರಕಲೆಯ ಫೋಟೊ ಹಾಕಬೇಕೆಂದರೆ ಬರೆದವರದೇ ಒಪ್ಪಿಗೆ ಬೇಕು. ಕಾಕಾಗೆ ಒಪ್ಪಿಗೆಯ ಪತ್ರ ಓದಿ ಹೇಳಿದೆ: ಯಾರು ಬೇಕಾದರೂ ಬಳಸಬಹುದು, ಆದರೆ ನಿಮ್ಮ ಹೆಸರು ಹಾಕಲೇಬೇಕು.

‘ಹೆಸರ ಹಾಕಽಬೇಕಾ?’

‘ಹಾಕಽಬೇಕ್ರಿ ಕಾಕಾ. ಅದು ನಿಯಮ.’

ಆ ಕೋಣೆಯಲ್ಲಿ ಮೂರು ಹುಡುಗರು ಸೇರಿ ಸುರುಳಿ ಬಿಚ್ಚಿದರು. ಧೂಳಿನ ಅಡಿಯಿಂದ ಮೊದಲು ಮೆಟ್ಟಿಲು ಬಂತು, ಆಮೇಲೆ ಕಂಬಗಳು. ಎಡ ಮೂಲೆಯಲ್ಲಿ ಬಟ್ಟೆ ಇಲಿ ಕಡಿದು ತೂತಾಗಿತ್ತು. ಕಾಕಾ ಕೋಲೂರಿಕೊಂಡು ಬಂದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಬಟ್ಟೆಯ ಅಂಚಿನಲ್ಲಿ ನಿಂತರು. ಬಗ್ಗಿ ಒಂದು ಕಂಬದ ಬುಡವನ್ನು ಬೆರಳಿನಿಂದ ಮುಟ್ಟಿ, ನೆರಳು ಬಿದ್ದ ಕಡೆಗೆ ಬೆರಳು ಎಳೆದುಕೊಂಡು ಹೋದರು. ಫೋಟೊ ತೆಗೆಯಲು ನಾನು ಅವರು ಆಚೆ ಸರಿಯುವ ತನಕ ಕಾಯಲಿಲ್ಲ.